ಸ್ಟೇಷನ್ನಿಗೆ ಹೋಗದವರು

ಭಾನುವಾರ, ಸಂಜೆ

ಪ್ರೀತಿಯ ಅತ್ತೆಯವರಿಗೆ,

ಕಾಗದ ಬರೆಯುವಾಗ ಮೊದಲು ‘ನಾನು ಕ್ಷೇಮ’ ಅಂತ ಬರೆಯಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೂ ಅದೊಂದು ನೆನಪಿದೆ. ಆದರೆ ನಾನು ಕ್ಷೇಮವಾಗಿಲ್ಲ. ನನಗೆ ಸಿಟ್ಟು ಬಂದಿದೆ. ನಿಮಗೂ ಬಂದಿದೆ ಅಂತ ಗೊತ್ತು. ಇವತ್ತು ಮಧ್ಯಾಹ್ನ ಎಂದಿನಂತೆ ಬಂದು ಬಾಗಿಲು ತಟ್ಟಿದೆ. ಒಳಗೆ ಟಿವಿಯಲ್ಲಿ ದೋಣಿ ಸಿನಿಮಾ ಓಡುತ್ತಿತ್ತು. ನಾಯಕಿ ದೋಣಿಯ ಹುಟ್ಟು ಕೈಬಿಟ್ಟು ಹಾಡುವ ಜಾಗ ಬಂದಿತ್ತು, ಹೊರಗಿನಿಂದಲೇ ಗೊತ್ತಾಯಿತು. ನೀವು ಬಾಗಿಲು ತೆಗೆಯಲಿಲ್ಲ. ಟಿವಿ ಜೋರು ಮಾಡಿದಿರಿ.

ಅದಕ್ಕೇ ಈ ಕಾಗದ. ನಿಮ್ಮೆದುರು ಕೂತರೆ ನನಗೆ ಮಾತು ಬರುವುದಿಲ್ಲ, ಬಂದರೂ ಅರ್ಧಕ್ಕೇ ನಿಲ್ಲುತ್ತದೆ. ಇದರ ಸದ್ದು ಅಡಗಿಸಲು ನಿಮ್ಮ ಹತ್ತಿರ ರಿಮೋಟು ಇಲ್ಲ. ಪೂರ್ತಿ ಓದಲೇಬೇಕು.

ಗುರುವಾರ ಯುದ್ಧ ಸ್ಮರಣಾ ಸಮಿತಿಯ ಕೋಣೆಯಲ್ಲಿ ಏನಾಯಿತು ಅಂತ ಅಧ್ಯಕ್ಷರು ನಿಮಗೆ ಹೇಳಿರುತ್ತಾರೆ. ನನ್ನ ಬಾಯಲ್ಲೂ ಕೇಳಿ. ಮೇಜಿನ ಮೇಲೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಬೊಂಬೆ ಇತ್ತು. ಶಿಲ್ಪಿ ಬಟ್ಟೆ ಬಿಚ್ಚಿದರು. ನೋಡಿದರೆ ನಾನೇ. ಒಂದು ಕೈ ಮೇಲಕ್ಕೆ, ಕೈಯಲ್ಲಿ ಕರವಸ್ತ್ರ, ಬಾಯಿ ಅರ್ಧ ತೆರೆದಿದೆ.

“ನೋಡಮ್ಮ, ಹೇಗಿದೀಯ!” ಅಂದರು ಅಧ್ಯಕ್ಷರು. “ಇದನ್ನೇ ಸಿಮೆಂಟಲ್ಲಿ ಆಳೆತ್ತರ ಮಾಡಿ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸ್ತೀವಿ. ಇನ್ನು ನೂರು ವರ್ಷ ನೀನು ಅಲ್ಲೇ ನಿಂತಿರ್ತೀಯ.”

“ನೂರು ವರ್ಷ ಎತ್ತಿ ಹಿಡಿದ್ರೆ ತೋಳು ನೋಯಲ್ವಾ ಸರ್?” ಅಂದೆ.

ಎಲ್ಲರೂ ನಕ್ಕರು. ನಾನು ತಮಾಷೆ ಮಾಡುತ್ತೇನೆ ಅಂತ ಅವರಿಗೆ ಅವತ್ತೇ ಗೊತ್ತಾದದ್ದು. ನಗು ನಿಲ್ಲಲಿ ಅಂತ ಕಾದು, “ಬೇಡ” ಅಂದೆ. ಮುಂದಿನ ಭಾನುವಾರದ ಸ್ಮರಣೆ ದಿನಕ್ಕೂ ನಾನು ಸ್ಟೇಷನ್ನಿಗೆ ಬರುವುದಿಲ್ಲ ಅಂದೆ.

ಅಧ್ಯಕ್ಷರು ಕನ್ನಡಕ ತೆಗೆದರು. “ನಿಮ್ಮತ್ತೆ ಒಪ್ಪಿದಾರೆ ಕಣಮ್ಮ. ಹೆತ್ತ ತಾಯಿಗಿಲ್ಲದ ಬೇಜಾರು ನಿನಗೇನು? ಒಳ್ಳೇ ನಾಟಕದಲ್ಲಿ ಪಾರ್ಟು ಬೇಡ ಅಂದಂಗೆ ಅಂತೀಯಲ್ಲ!”

“ಹೌದು ಸರ್. ಅದನ್ನೇ ಅಂತಿರೋದು.”

ಅಷ್ಟು ಜನರೆದುರು ನಾನು ಯಾವತ್ತೂ ಬಾಯಿಬಿಟ್ಟವಳಲ್ಲ ಅತ್ತೆ. ಆದರೆ ಹೇಳಿದ್ದು ಹೇಳಿದೆ.

ಈಗ ಮೊದಲಿಂದ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲದ್ದು ಇದರಲ್ಲಿ ಹೆಚ್ಚೇನೂ ಇಲ್ಲ. ಆದರೆ ಗೊತ್ತಿರುವುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡದೆ ಆರು ವರ್ಷ ಆಯಿತು.

ನಿಮ್ಮ ಮಗ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಿದ್ದ. ಎದುರಿನ ಟೈಲರ್ ಅಂಗಡಿಯಲ್ಲಿ ನಾನು ಕಾಜಾ ಹೊಲಿಯುತ್ತಿದ್ದೆ. ಅಂಗಿಯ ಗುಂಡಿ ತೂರುವ ತೂತಿನ ಸುತ್ತ ದಾರ ಕಟ್ಟುವುದು ಅಂಥ ದೊಡ್ಡ ಕೆಲಸವೇನಲ್ಲ, ಆದರೆ ಅವನು ನನ್ನನ್ನು ಕರೆಯುತ್ತಿದ್ದದ್ದೇ “ಏ ಕಾಜಾ” ಅಂತ. ಮದುವೆಯ ಮಾತಾಯಿತು. ಮಾತಾದ ಮೇಲೆ ಭಾನುವಾರ ಮಧ್ಯಾಹ್ನ ಹಳೇ ಪ್ರೇಮದ ಸಿನಿಮಾ ನೋಡಲು ನೀವೇ ನನ್ನನ್ನು ಕರೆದಿರಿ. ಸಿನಿಮಾದ ಹೆಸರು ನಮಗೆ ಯಾವತ್ತೂ ನೆನಪಿರುತ್ತಿರಲಿಲ್ಲ. ದೋಣಿ ಸಿನಿಮಾ, ಮೆಟ್ಟಿಲು ಸಿನಿಮಾ, ಎಡಗೈ ಡಾಕ್ಟರ ಸಿನಿಮಾ. ಎಲ್ಲಕ್ಕಿಂತ ಇಷ್ಟದ್ದು ಸ್ಟೇಷನ್ ಸಿನಿಮಾ. ಅದರಲ್ಲಿ ನಾಯಕ ಯುದ್ಧಕ್ಕೆ ಹೊರಡುತ್ತಾನೆ, ನಾಯಕಿ ಪ್ಲಾಟ್‌ಫಾರ್ಮಿನಲ್ಲಿ ಕರವಸ್ತ್ರ ಬೀಸುತ್ತಾಳೆ, ಹಾಡು ಮುಗಿಯುವವರೆಗೂ ರೈಲು ಅಲ್ಲಾಡುವುದಿಲ್ಲ.

“ಆ ಗಾರ್ಡಿಗೆ ಬೇರೆ ಕೆಲಸ ಇಲ್ವೇನೇ? ಇವರಿಬ್ರೂ ಅತ್ತು ಮುಗಿಸೋವರೆಗೂ ಸೀಟಿನೇ ಊದಲ್ಲ” ಅಂತ ನೀವು ಪ್ರತಿ ಸಲ ಅನ್ನುತ್ತಿದ್ದಿರಿ.

“ಅಷ್ಟು ಹೊಗೇಲೂ ಅವಳ ಮುಖಕ್ಕೆ ಒಂಚೂರು ಮಸಿ ಇಲ್ಲ ನೋಡಿ ಅತ್ತೆ” ಅಂತ ನಾನು.

ನಿಮ್ಮ ಮಗ ಕುರ್ಚಿಯ ಕೈ ಮೇಲೆ ಕೂತು ಬನ್ನು ತಿನ್ನುತ್ತ, “ಏಳು ವರ್ಷ ಅದೇ ಜಾಗದಲ್ಲಿ ನಿಂತು ಕಾಯ್ತಾಳಂತೆ. ಟಿಕೆಟ್ ತಗೊಂಡು ಅವಳೇ ಹೋಗ್ಬಾರ್ದಾ?” ಅನ್ನುತ್ತಿದ್ದ. ನೀವು ದಿಂಬು ಎಸೆಯುತ್ತಿದ್ದಿರಿ. “ಸುಮ್ನಿರೋ, ಅಳೋ ಜಾಗ ಬಂತು!”

ಆಮೇಲೆ ಯುದ್ಧ ಬಂತು. ಅವನಿಗೆ ಕರೆ ಬಂತು. ಅವನು ಹೋದ. ಚಳಿಗಾಲ ಮುಗಿಯುವುದರೊಳಗೆ ಅವನಿನ್ನಿಲ್ಲ ಅನ್ನುವ ಸುದ್ದಿಯೂ ಬಂತು.

ಮೊದಲ ವರ್ಷದ ಸ್ಮರಣೆಗೆ ಅಧ್ಯಕ್ಷರು ಮನೆಗೆ ಬಂದಿದ್ದು ನಿಮಗೆ ನೆನಪಿರಬೇಕು. “ಸ್ಟೇಷನ್ನಲ್ಲಿ ಬೀಳ್ಕೊಟ್ಟಿರಬೇಕು, ಅಲ್ವಾ?” ಅಂತ ಅವರೇ ಕೇಳಿ, ಅವರೇ ತಲೆಯಾಡಿಸಿದರು. ನೀವು ಹೂಂ ಅಂದಿರಿ. ನಾನು ತಲೆ ತಗ್ಗಿಸಿದೆ. ನಾನು ಎಲ್ಲದಕ್ಕೂ ತಲೆ ತಗ್ಗಿಸುತ್ತೇನೆ ಅತ್ತೆ, ಅದು ಹೌದು ಅಂತ ಅಲ್ಲ. ಅಷ್ಟಕ್ಕೇ ನೀಲಿ ಬಟ್ಟೆ ಬಂತು, ಕರವಸ್ತ್ರ ಬಂತು, ಧ್ವನಿವರ್ಧಕದಲ್ಲಿ ಸ್ಟೇಷನ್ ಸಿನಿಮಾದ ಹಾಡು ಬಂತು, ವರ್ಷವರ್ಷವೂ ಸ್ಮರಣೆ ದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲಿಗೆ ಕೈ ಬೀಸುವುದು ನನ್ನ ಪಾಲಿಗೆ ಬಂತು. ಸಿನಿಮಾ ಇದ್ದದ್ದು ಕಪ್ಪು ಬಿಳುಪಿನಲ್ಲಿ. ಅವಳ ಬಟ್ಟೆ ನೀಲಿ ಅಂತ ಇವರಿಗೆ ಯಾರು ಹೇಳಿದರೋ!

ಹೋದ ವರ್ಷ ರೈಲು ಹೋದ ಮೇಲೆ ಒಬ್ಬರು ಮೊಬೈಲು ಹಿಡಿದು ಓಡಿ ಬಂದರು. “ಇನ್ನೊಂದ್ಸಲ ಕೈ ಬೀಸಮ್ಮ, ಸರಿಯಾಗಿ ಬರ್ಲಿಲ್ಲ.” ಬೀಸಿದೆ. ಖಾಲಿ ಹಳಿಗೆ ಕೈ ಬೀಸಿದೆ. “ಪಾಪ, ದುಃಖಕ್ಕೆ ಮಾತೇ ಹೊರಡ್ತಿಲ್ಲ ನೋಡಿ” ಅಂತ ಹಿಂದೆ ಯಾರೋ ಅಂದರು. ನನ್ನ ಸಂಕೋಚವನ್ನು ಈ ಊರು ಇಷ್ಟು ವರ್ಷ ದುಃಖ ಅಂತ ನೋಡಿಕೊಂಡು ಬಂದಿದೆ. ದುಃಖ ಇದೆ. ಅದು ಬೇರೆ ಕಡೆ ಇದೆ. ಅದನ್ನು ಇವರು ಯಾರೂ ನೋಡಿಲ್ಲ.

ಅವನು ಹೊರಟ ದಿನ ನೀವು ಸ್ಟೇಷನ್ನಿಗೆ ಹೋಗಿರಲಿಲ್ಲ ಅತ್ತೆ. ನಾನೂ ಹೋಗಿರಲಿಲ್ಲ. ಅಷ್ಟೇಕೆ, ಅವನೇ ಹೋಗಿರಲಿಲ್ಲ. ಅವತ್ತಿನ ರೈಲಿನಲ್ಲಿ ಯುದ್ಧದ ಸಾಮಾನು ಬಿಟ್ಟು ಮನುಷ್ಯರನ್ನು ಹತ್ತಿಸುತ್ತಿರಲಿಲ್ಲ. ಅವನು ಹೋದದ್ದು ಬೆಳಗಿನ ಬ್ರೆಡ್ಡಿನ ವ್ಯಾನಿನಲ್ಲಿ. ನಿಮ್ಮ ಗಲ್ಲಿಯ ಬಾಯಲ್ಲಿ ವ್ಯಾನು ನಿಂತಿತ್ತು, ಹಿಂದಿನ ಬಾಗಿಲು ತೆಗೆದಿತ್ತು, ಬ್ರೆಡ್ಡಿನ ತಟ್ಟೆಗಳ ನಡುವೆ ಅವನು ಮೊಣಕಾಲು ಮಡಚಿ ಕೂತಿದ್ದ. ಪ್ಯಾಂಟಿನ ತುಂಬ ಹಿಟ್ಟು. ಡ್ರೈವರಣ್ಣ ಹಾರ್ನು ಒತ್ತುತ್ತಲೇ ಇದ್ದರು. “ಬೇಗ ಮುಗ್ಸಯ್ಯಾ, ಬ್ರೆಡ್ಡು ತಣ್ಣಗಾಗುತ್ತೆ!”

“ನೋಡು, ನಮ್ಮ ಸಿನಿಮಾಕ್ಕೆ ಎಂಥಾ ಗಾರ್ಡು ಸಿಕ್ಕಿದಾನೆ” ಅಂದ ನಿಮ್ಮ ಮಗ.

ನಾನು ಜೋರಾಗಿ ನಕ್ಕುಬಿಟ್ಟೆ. ಯುದ್ಧಕ್ಕೆ ಹೊರಟವನ ಮುಂದೆ ಬೀದಿಗೆ ಕೇಳುವ ಹಾಗೆ ನಕ್ಕೆ. ಕರವಸ್ತ್ರ ಎಲ್ಲಿತ್ತು ನನ್ನ ಹತ್ತಿರ? ಕೈಯಲ್ಲಿ ಇದ್ದದ್ದು ಅವನು ಕೊಟ್ಟ ಬಿಸಿ ಬನ್ನು. “ಆ ಸ್ಟೇಷನ್ ಸಿನಿಮಾದೋಳ ಥರ ನಿಂತ್ಕೋಬೇಡ ಕಣೇ ಕಾಜಾ, ಕಾಲು ನೋಯುತ್ತೆ” ಅಂದ. ವ್ಯಾನು ಹೊರಟಿತು. ಅವನು ತಿರುಗಿ ನೋಡಿದ. ಅಷ್ಟೇ.

ಅವನು ನಿಂತುಕೊಳ್ಳಬೇಡ ಅಂದದ್ದನ್ನೇ ಇವರು ಸಿಮೆಂಟಿನಲ್ಲಿ ಮಾಡಿ, ಅದಕ್ಕೆ ಅವನ ನೆನಪು ಅಂತ ಹೆಸರಿಡುತ್ತಾರಂತೆ. ನಾನಿನ್ನೂ ಬದುಕಿದ್ದೇನಲ್ಲ ಅತ್ತೆ. ಬದುಕಿರುವವರನ್ನು ಹೀಗೆ ನಿಲ್ಲಿಸಿಬಿಡಬಹುದೇ?

ಈಗ ನಿಮ್ಮ ಮಾತಿಗೆ ಬರುತ್ತೇನೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಆ ಬೆಳಿಗ್ಗೆ ನೀವು ಬಾಗಿಲಿಗೆ ಬರಲಿಲ್ಲ. ಹಿಂದಿನ ದಿನವೇ ಅವನಿಗೆ ಹೇಳಿದ್ದಿರಿ. “ನಾನು ಬಾಗಿಲಿಗೆ ಬರಲ್ಲ. ಬಂದು ನಿಂತ್ರೆ ನಾನೇ ನಿನ್ನ ಕಳಿಸ್ಕೊಟ್ಟ ಹಾಗಾಗುತ್ತೆ.” ಹೇಳಿದ ಹಾಗೇ ಮಾಡಿದಿರಿ. ಅದು ನಿಮ್ಮನ್ನು ಒಳಗೊಳಗೇ ಕೊರೆಯುತ್ತಿದೆ ಅಂತ ನನಗೆ ಗೊತ್ತು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಪಕ್ಕ ನಿಂತರೆ ವರ್ಷಕ್ಕೊಂದು ಸಲವಾದರೂ ಮಗನಿಗೆ ಕೈ ಬೀಸಿದ ಹಾಗಾಗುತ್ತದೆ. ಅದಕ್ಕೇ ಅವತ್ತು ಹೂಂ ಅಂದಿರಿ. ಅದಕ್ಕೇ ಪ್ರತಿಮೆಗೂ ಹೂಂ ಅಂದಿದ್ದೀರಿ. ಅದನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ.

ಆದರೆ ಒಂದು ಮಾತು. ಆ ವಾರ ಊರಿನ ಎಲ್ಲ ಮನೆಯವರೂ ಬಾಗಿಲಿಗೆ ಬಂದರು, ಹೂವು ಕೊಟ್ಟರು, ಕೈ ಬೀಸಿದರು. ಅಧ್ಯಕ್ಷರು ಭಾಷಣ ಮಾಡಿ ಕಳಿಸಿದರು. ಮಗನನ್ನು ತಾವಾಗಿ ಕಳಿಸಿಕೊಡದೇ ಇದ್ದವರು ಇಡೀ ಊರಲ್ಲಿ ನೀವೊಬ್ಬರು. ಈಗ ಅವರು ನಮ್ಮ ಕೈಗೆ ಕರವಸ್ತ್ರ ಕೊಟ್ಟು, ನಾವೂ ಎಲ್ಲರ ಹಾಗೆ ಒಪ್ಪಿ ಕಳಿಸಿದೆವು ಅಂತ ಲೋಕಕ್ಕೆಲ್ಲ ತೋರಿಸುತ್ತಿದ್ದಾರೆ. ನೀವು ಒಪ್ಪಿರಲಿಲ್ಲ. ನಿಮ್ಮ ಆ ಹಟವನ್ನು ಯಾಕೆ ಅವರಿಗೆ ಬಿಟ್ಟುಕೊಡುತ್ತೀರಿ? ಸಭೆಯಲ್ಲಿ “ಬೇಡ” ಅನ್ನುವ ಧೈರ್ಯ ನನಗೆ ನಮ್ಮಮ್ಮನಿಂದ ಬಂದದ್ದಲ್ಲ, ನಮ್ಮಮ್ಮ ನನಗಿಂತ ಪುಕ್ಕಲು. ಅದು ನಿಮ್ಮಿಂದ ಬಂದದ್ದು.

ಅಧ್ಯಕ್ಷರು ಸುಮ್ಮನೆ ಕೂತಿಲ್ಲ. ಶುಕ್ರವಾರ ಅಂಗಡಿಗೆ ಬಂದು, ಬ್ಯಾಂಡಿನವರ ಸಮವಸ್ತ್ರ ಬೇರೆ ಕಡೆ ಹೊಲಿಸುತ್ತೇವೆ ಅಂದು ಹೋದರು. “ಹೋಗ್ಲಿ ಬಿಡು, ಆ ಡೋಲಿನೋನ ಹೊಟ್ಟೆಗೆ ಟೇಪು ಸುತ್ತೋ ಕಷ್ಟ ತಪ್ತು” ಅಂದರು ಟೈಲರ್ ಮಾವ. ಆದರೆ ಆಮೇಲೆ ತುಂಬ ಹೊತ್ತು ಅವರು ಕತ್ತರಿ ಮುಟ್ಟಲಿಲ್ಲ. ನಾನು ಕಾಜಾ ಹೊಲಿಯುತ್ತ ಕೂತೆ. ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ನನಗೆ ಬೇರೆ ಯಾರೋ ಸಿಕ್ಕಿದ್ದಾನೆ, ಅದಕ್ಕೇ ಹೀಗೆ ಎಂದು ನಲ್ಲಿಯ ಹತ್ತಿರ ಮಾತಾಗುತ್ತಿದೆಯಂತೆ. ನಿಮ್ಮ ಕಿವಿಗೂ ಬಿದ್ದಿರಬಹುದು. ಇನ್ನೂ ಯಾರೂ ಸಿಕ್ಕಿಲ್ಲ. ಸಿಕ್ಕರೆ ನಲ್ಲಿಯ ಹತ್ತಿರ ಹೇಳುವುದಿಲ್ಲ, ಮೊದಲು ನಿಮಗೆ ಹೇಳುತ್ತೇನೆ. ಭಾನುವಾರ ಕರೆದುಕೊಂಡೇ ಬರುತ್ತೇನೆ. ಅಳುವ ಜಾಗದಲ್ಲಿ ಅವನು ಮಾತಾಡಿದರೆ ದಿಂಬು ಎಸೆಯಿರಿ. ಮಾತಾಡದೇ ಕೂತರೆ ನನಗೇ ಅವನು ಬೇಡ.

ಮತ್ತೆ, ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ. ಅದು ಸುಳ್ಳು ಅಂತ ಗೊತ್ತಿದ್ದೇ ನಾವು ಅಳುತ್ತಿದ್ದೆವು, ಅತ್ತ ಮೇಲೆ ಗಾರ್ಡನ್ನು ಬೈದು ನಗುತ್ತಿದ್ದೆವು. ಇನ್ನೊಂದ್ಸಲ ಅಳು, ಸರಿಯಾಗಿ ಬರಲಿಲ್ಲ ಅಂತ ಅದು ಯಾವತ್ತೂ ನಮ್ಮನ್ನು ಕೇಳಲಿಲ್ಲ.

ಈ ಕಾಗದವನ್ನು ಒಂದು ಚೀಲದಲ್ಲಿ ಹಾಕಿ ನಿಮ್ಮ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗುತ್ತೇನೆ. ಚೀಲದಲ್ಲಿ ನಾಲ್ಕು ಮಸಿಬಟ್ಟೆ ಇವೆ. ಬಣ್ಣ ನೋಡಿ ಗಾಬರಿಯಾಗಬೇಡಿ. ಸಮಿತಿಯ ನೀಲಿ ಬಟ್ಟೆಯೇ. ಕತ್ತರಿಸಿ, ಎರಡು ಪದರ ಮಾಡಿ, ಅಂಚು ಹೊಲಿದಿದ್ದೇನೆ. ಬಟ್ಟೆ ಚೆನ್ನಾಗಿದೆ, ಬಿಸಿ ಪಾತ್ರೆ ಹಿಡಿದರೆ ಕೈ ಸುಡುವುದಿಲ್ಲ. ಅಷ್ಟಾದರೂ ಪ್ರಯೋಜನಕ್ಕೆ ಬರಲಿ.

ಮುಂದಿನ ಭಾನುವಾರ ಸ್ಟೇಷನ್ನಿನಲ್ಲಿ ಹಾಡು ಹಾಕುತ್ತಾರೆ. ಹಾಕಲಿ. ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಬರುವ ಹೊತ್ತಿಗೆ ನಾನು ನಿಮ್ಮ ಗಲ್ಲಿಯ ಬಾಯಲ್ಲಿ ಇರುತ್ತೇನೆ. ಕೈ ಬೀಸುವುದಿಲ್ಲ. ಡ್ರೈವರಣ್ಣನಿಂದ ಒಂದು ಬಿಸಿ ಬನ್ನು ಕೊಂಡು ಅಲ್ಲೇ ತಿನ್ನುತ್ತೇನೆ. ನೀವು ಸಮಿತಿಯವರ ಜೊತೆ ಹೋಗುವುದಾದರೆ ಹೋಗಿ, ಅದಕ್ಕಾಗಿ ನಾನು ನಿಮ್ಮ ಮೇಲೆ ಮುನಿಯುವುದಿಲ್ಲ. ಹೋಗದಿದ್ದರೆ, ಬಾಗಿಲಿಗೆ ಬರುವುದು ಬೇಡ. ಅಡುಗೆಮನೆಯ ಕಿಟಕಿ ಮಾತ್ರ ತೆರೆದಿಡಿ.

ಮಧ್ಯಾಹ್ನ ಬಾಗಿಲು ತಟ್ಟುತ್ತೇನೆ. ಟಿವಿಯ ಸದ್ದು ಎಷ್ಟೇ ಇರಲಿ, ನೀವು ತೆಗೆಯುವವರೆಗೂ ತಟ್ಟುತ್ತೇನೆ.

ನಿಮ್ಮ ಮನೆಗೆ ಸೊಸೆಯಾಗಿ ಬರದಿದ್ದರೂ
ನಿಮ್ಮನ್ನು ಅತ್ತೆ ಅನ್ನುವುದನ್ನು ಬಿಡದ,
ಕಾಜಾ

ತಾ.ಕ.: ಕಿಟಕಿ ಯಾಕೆ ಅಂತ ನೀವು ಕೇಳುತ್ತೀರಿ. ವ್ಯಾನು ಹೊರಟಾಗ ಅವನು ತಿರುಗಿ ನೋಡಿದ್ದು ನನ್ನನ್ನಲ್ಲ. ನನ್ನ ತಲೆಯ ಮೇಲಿಂದ ನಿಮ್ಮ ಅಡುಗೆಮನೆಯ ಕಿಟಕಿಯನ್ನು. ಅಲ್ಲಿ ನಿಮ್ಮ ಬೆನ್ನು ಕಾಣುತ್ತಿತ್ತು. ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಿರಿ. “ನೋಡೇ ನಮ್ಮಮ್ಮನ್ನ” ಅಂತ ಕೂಗಿ ಹೇಳಿದ. “ಕಳಿಸಲ್ಲ ಅಂದ್ರೆ ಕಳಿಸಲ್ಲ! ಯಾವ ಸಿನಿಮಾದೋಳಿಗೂ ಇದು ಬರಲ್ಲ!” ವ್ಯಾನು ತಿರುವು ದಾಟುವವರೆಗೂ ಅಲ್ಲೇ ನೋಡುತ್ತಿದ್ದ, ನಗುತ್ತಿದ್ದ. ಅವನ ಕೊನೆಯ ನೋಟ ನನ್ನದು ಅಂತ ಊರೆಲ್ಲ ಅನ್ನುವಾಗ, ಅಲ್ಲ ಅನ್ನಲು ನನಗೆ ಇಷ್ಟು ದಿನ ಮನಸ್ಸು ಬರಲಿಲ್ಲ. ಅದು ನಿಮ್ಮದು ಅತ್ತೆ. ತೆಗೆದುಕೊಳ್ಳಿ.