ಏಳನೇ ಅಧ್ಯಾಯದ ಸಣ್ಣ ಶಿಳ್ಳೆ

ಮಾರ್ಚ್ 4, ಬೆಳಗ್ಗೆ 11

ಏಳನೇ ಅಧ್ಯಾಯ ಎರಡನೇ ಸಲವೂ ವಾಪಸ್. ತಿಳಿಸಿದ್ದು ಆಡಿಯೋಬುಕ್ ಕಂಪನಿಯ ಯಂತ್ರ, ಇಮೇಲ್ ಮೂಲಕ. ಮಾತಿಲ್ಲದ ಕಡೆ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು. ಇದರಲ್ಲಿ ಮೈನಸ್ 52, ಅಂದರೆ ಸದ್ದು ಹೆಚ್ಚು. ಮೊದಲ ಆರು ಅಧ್ಯಾಯ ಪಾಸಾಗಿವೆ. ಚಿಕ್ಕಮ್ಮನ ಮನೆಯ ಅದೇ ಕೋಣೆ, ಅದೇ ಮೈಕ್, ರೆಕಾರ್ಡ್ ಮಾಡಿದ್ದೂ ನಾನೇ. ಓದಿದ್ದೂ ಅದೇ ಚಿಕ್ಕಮ್ಮ — ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್. ಪುಸ್ತಕವೂ ಅವರದೇ, ಆ ಕೆಲಸದ ಬಗ್ಗೆ.

ಇಪ್ಪತ್ತನೇ ತಾರೀಖಿನೊಳಗೆ ಎಂಟೂ ಅಧ್ಯಾಯ ಪಾಸಾಗದಿದ್ದರೆ ಬೇರೆಯವರಿಂದ ಓದಿಸುತ್ತಾರಂತೆ. ಪ್ರಕಾಶಕಿ ನಿನ್ನೆ ಫೋನಿನಲ್ಲಿ ಹೇಳಿದ್ದು. ಚಿಕ್ಕಮ್ಮನಿಗೆ ತಿಳಿಸಿದೆ.

"ನನ್ನ ಪುಸ್ತಕಕ್ಕೆ ಬಾಡಿಗೆ ಬಾಯಾ?" ಎಂದರು.

ಮಾರ್ಚ್ 5

ಫ್ರಿಜ್ ಆರಿಸಿದೆ. ಗಡಿಯಾರದ ಸೆಲ್ ತೆಗೆದೆ. ಪಕ್ಕದ ಮನೆಯ ಪಂಪು ನಿಲ್ಲುವವರೆಗೆ ಕಾದೆ. ಸುತ್ತ ಹಾಸಿಗೆ, ರಜಾಯಿ ಒಟ್ಟಿದ ಕೋಣೆಯಲ್ಲಿ ಒಂದು ನಿಮಿಷ ಬರೀ ಮೌನ ರೆಕಾರ್ಡ್ ಮಾಡಿದೆ. ಮೈನಸ್ 64. ಚೊಕ್ಕ.

ಚಿಕ್ಕಮ್ಮ ಒಳಗೆ ಹೋಗಿ, ಹೆಡ್‌ಫೋನ್ ಹಾಕಿ, ಸುಮ್ಮನೆ ಕೂತರು. ಮೈನಸ್ 52! ಪರದೆಯ ಮೇಲೆ, ಮೂರು ಸಾವಿರ ಹರ್ಟ್ಸ್ ಹತ್ತಿರ, ಸಣ್ಣ ಶಿಳ್ಳೆಯ ಎತ್ತರದಲ್ಲಿ, ದಾರದಂಥ ಗೆರೆ.

ಅಂದರೆ ಸದ್ದು ಕೋಣೆಯದಲ್ಲ.

"ಹೊಟ್ಟೆ ಗುರುಗುಟ್ಟಿರ್ಬೇಕು ಕಣೇ."

ಹೊಟ್ಟೆ ಶಿಳ್ಳೆ ಹಾಕುವುದಿಲ್ಲ...

ಮಾರ್ಚ್ 6

ಹಳೆಯ ಮೂಲ ಫೈಲುಗಳನ್ನು ತೆರೆದೆ. ಸರಾಸರಿ ಧ್ವನಿ — ಒಂದು, ಎರಡನೇ ಅಧ್ಯಾಯ ಮೈನಸ್ 22. ಮೂರನೆಯದು 18. ಆರನೆಯದು 14. ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಮೈಕಿನ ಗುಂಡಿ ಮುಟ್ಟಿಲ್ಲ, ಏರಿದ್ದು ಗಂಟಲು. ಆಗ ಯೋಚಿಸದೆ ಕಂಪ್ಯೂಟರಿನಲ್ಲಿ ಇಳಿಸಿ ಕಳಿಸಿದ್ದೆ.

ಏಳನೆಯದರಲ್ಲಿ ಮತ್ತೆ 22. ಗೆರೆ ಶುರುವಾದದ್ದೂ ಅಲ್ಲಿಂದಲೇ. ಎರಡೂ ಒಟ್ಟಿಗೆ ಯಾಕೆ?

ಮಾರ್ಚ್ 8

ಚಿಕ್ಕಮ್ಮನನ್ನು ಕೇಳಿಯೇಬಿಟ್ಟೆ. ಬಾಗಿಲು ಹಾಕು ಎಂದರು. ಕಿವಿ ಮೇಲಿನ ಕೂದಲು ಸರಿಸಿದರು. ಗೋಡಂಬಿ ಗಾತ್ರದ ಶ್ರವಣಯಂತ್ರ. ಆರನೆಯದು ಮುಗಿದ ಮೇಲೆ ತಂದದ್ದಂತೆ; ಧ್ವನಿ ಇಳಿದದ್ದು ಅದಕ್ಕೇ. ಹೆಡ್‌ಫೋನ್ ಒತ್ತಿದಾಗ ಶಿಳ್ಳೆ ಹಾಕುತ್ತದೆ. ಆ ಶಿಳ್ಳೆ ಅವರಿಗೇ ಕೇಳುವುದಿಲ್ಲ.

"ಅನೌನ್ಸರಮ್ಮ ಕಿವುಡಿ ಅಂತ ಆಗ್ಬಾರ್ದು. ನಿಮ್ಮ ಚಿಕ್ಕಪ್ಪಂಗೂ ಗೊತ್ತಿಲ್ಲ ಕಣೇ."

ಹೊರಟಾಗ ಚಿಕ್ಕಪ್ಪ ಗೇಟಿನವರೆಗೆ ಬಂದರು. "ಅವಳ ಕಿವಿ ವಿಷಯ ತಾನೇ? ಟಿವಿ ಸೌಂಡ್ ಇಳಿದ ದಿನವೇ ಗೊತ್ತಾಯ್ತು. ಅವಳಾಗಿ ಹೇಳೋವರೆಗೂ ನಂಗೇನೂ ಗೊತ್ತಿಲ್ಲ, ಆಯ್ತಾ?"

ಮಾರ್ಚ್ 12

ಚಿಕ್ಕಮ್ಮ ಕಿವಿಯ ಯಂತ್ರ ತೆಗೆದಿಟ್ಟು, ಹೆಡ್‌ಫೋನೂ ಇಲ್ಲದೆ ಏಳನೆಯದನ್ನು ಓದಿದರು. ಎದುರು ನಾನು. ಧ್ವನಿ ಏರಿದರೆ ಅಂಗೈ ಕೆಳಗೆ. ಐದು ಸಲ ನಿಂತರು, ಎರಡು ಸಲ ರೇಗಿದರು — "ಅದೇನೇ, ಕೋಳಿ ಓಡಿಸ್ದಂಗೆ ಕೈ ಆಡಿಸ್ತೀಯ!" — ಕೊನೆಗೆ ಮುಗಿಸಿದರು. ಸರಾಸರಿ ಮೈನಸ್ 21. ಮೌನ ಮೈನಸ್ 63. ಊಟ ಮಾಡಿ ಎಂಟನೆಯದನ್ನೂ ಓದಿ, ಎರಡನ್ನೂ ಕಳಿಸಿದ್ದಾಯಿತು.

ಮಾರ್ಚ್ 15, ಬೆಳಗ್ಗೆ 10

ಏಳು, ಎಂಟು ಎರಡೂ ಪಾಸ್. ಇನ್ನು 'ಪ್ರಕಟಿಸಿ' ಗುಂಡಿ ಒತ್ತುವುದಷ್ಟೇ ಬಾಕಿ.

ಒತ್ತುವ ಮುಂಚೆ ಚಿಕ್ಕಮ್ಮ ಯಂತ್ರ ಹಾಕಿಕೊಂಡು ಆರನೇ ಅಧ್ಯಾಯ ಕೇಳಿದರು. ಮೊದಲ ಸಲ. ನಂಬರಿನ ಲೆಕ್ಕದಲ್ಲಿ ಸರಿ. ಆದರೆ ಇಳಿಸಿದ್ದರೂ ಕೂಗು ಕೂಗೇ.

"ಇದ್ಯಾರೇ, ಹೀಗೆ ಅರಚ್ತಿರೋದು?"

"ಪಾಸಾಗಿದೆ ಚಿಕ್ಕಮ್ಮ. ಇಪ್ಪತ್ತಕ್ಕೆ ಐದೇ ದಿನ ಇದೆ."

"ಮೆಷಿನ್ನು ಪಾಸ್ ಮಾಡಿರಬಹುದು. ನಾನು ಮಾಡಿಲ್ಲ." ಒಳಗಿನ ಕೋಣೆ ಕಡೆ ತಿರುಗಿದರು. "ರೀ... ನಂಗೆ ಕಿವಿ ಕೇಳಿಸ್ತಿಲ್ಲ. ಕಿವಿಗೆ ಮೆಷಿನ್ನು ಹಾಕ್ಕೊಂಡಿದೀನಿ. ಮೂರು ದಿನ ಅಡುಗೆ ನಿಮ್ದೇ."

ಒಳಗಿಂದ ಚಿಕ್ಕಪ್ಪನ ಧ್ವನಿ: "ಹೌದಾ? ಯಾವಾಗಿಂದ?"

ಒಂದು, ಎರಡು ಹಾಗೇ ಇರಲಿ ಎಂದಾಗಿದೆ. ಮೂರರಿಂದ ಆರು ಮತ್ತೆ ಓದಬೇಕು. ಕಂಪನಿಯ ಪರಿಶೀಲನೆಗೆ ಎರಡು ದಿನ ಹೋಗುತ್ತದೆ. ಉಳಿದದ್ದು ಮೂರು ದಿನ, ನಾಲ್ಕು ಅಧ್ಯಾಯ. ಪ್ರಕಾಶಕಿಗೆ ಇನ್ನೂ ತಿಳಿಸಿಲ್ಲ.

ಮಧ್ಯಾಹ್ನ ಎರಡಕ್ಕೆ ಮೂರನೆಯದು.