ಸುರ್ಮಾಯಿ ಮೀನಿನ ಪಾಠ

೩ ಡಿಸೆಂಬರ್ ೧೯೫೬, ಭಾಲ್ಕಿ

ಎರಡು ಪೀರಿಯಡ್ ವ್ಯಾಕರಣ. ಗಂಟಲು ಹರಿದುಹೋಯಿತು. ಸಾಲಿ ಬಿಟ್ಟ ಮೇಲೆ ಎಂದಿನಂತೆ ಬದ್ರೋದ್ದೀನ ಸಾಬರು ಬಂದು ಕುಳಿತರು. ಇಪ್ಪತ್ತೆರಡು ವರ್ಷ ಉರ್ದುವಿನಲ್ಲಿ ಸೈನ್ಸ್ ಕಲಿಸಿದವರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ತಿಂಗಳಾಯಿತು, ಇನ್ನು ಪಾಠ ಕನ್ನಡದಲ್ಲೇ ಎಂದು ನಮ್ಮ ಸಾಲಿಯ ಕಮಿಟಿ ಹೇಳಿಬಿಟ್ಟಿದೆ. ಹದಿನಾಲ್ಕಕ್ಕೆ ಬೀದರಿನಲ್ಲಿ ಪರೀಕ್ಷಕರ ಮುಂದೆ ಪಾಠ ಮಾಡಿ ತೋರಿಸಬೇಕು. ತಪ್ಪಿದರೆ ಮನೆಗೆ.

ಆಡುಮಾತು ಅವರಿಗೆ ಸಲೀಸು. ಕನ್ನಡ ಅಕ್ಷರ ಬಾರದು, ಗ್ರಾಂಥಿಕ ತಿಳಿಯದು. ನಾನು ಹೇಳುತ್ತೇನೆ, ಅವರು ಉರ್ದು ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಈ ವಯಸ್ಸಿನಲ್ಲಿ... ನೋಡಲಾಗುವುದಿಲ್ಲ.

೬ ಡಿಸೆಂಬರ್

ಪಾಠ ಯಾವುದೆಂದು ಗೊತ್ತಾಯಿತು. ಸಮುದ್ರದ ಮೀನು. ಕರ್ಮ! ನಾನು ಲಿಂಗ ಕಟ್ಟಿದವ, ಮೀನು ಮುಟ್ಟಿಲ್ಲ, ಸಮುದ್ರ ಕಂಡಿಲ್ಲ. ಪುಸ್ತಕದಲ್ಲಿ ‘ಅಂಜಲ’ ಎಂಬ ಹೆಸರು, ಒಂದು ಚಿತ್ರ, ನಾಲ್ಕು ಸಾಲು. ಉಳಿದದ್ದು ಮಾಸ್ತರರೇ ಸೇರಿಸಬೇಕು.

ಚಿತ್ರ ನೋಡಿದ್ದೇ ಸಾಬರ ಮುಖ ಅರಳಿತು. ಇದು ಸುರ್ಮಾಯಿ ಎಂದರು. ಹುಡುಗತನದಲ್ಲಿ ಎರಡು ವರ್ಷ ಮುಂಬಯಿಯಲ್ಲಿ ಮಾವನ ಲಾಂಚಿನಲ್ಲಿದ್ದರಂತೆ. ಶೌಕಿಗೆ ಗಾಳ ಹಾಕುವ ಸಾಹೇಬರನ್ನು ಒಯ್ಯುವ ಕೆಲಸ. ಹೇಳಿದ್ದೇ ಹೇಳಿದ್ದು — ಬೆನ್ನಿನಿಂದ ಹೊಟ್ಟೆಗಿಳಿದ ಕರಿ ಪಟ್ಟೆ; ಕತ್ತರಿಯಂಥ ಹಲ್ಲು, ದಾರ ತುಂಡು, ತಂತಿಯೇ ಬೇಕು; ಬೆಳಗು ಸಂಜೆ ಸಣ್ಣ ಮೀನಿನ ಹಿಂಡಿನ ಬೆನ್ನು ಹತ್ತಿ ಬರುತ್ತದೆ; ಬೇಟೆಯ ಭರದಲ್ಲಿ ಆಳೆತ್ತರ ಹಾರುತ್ತದೆ. ಕೈಬೀಸಿ ಹಾರಿಸಿ ತೋರಿಸಿದರು. ಮಸಿ ಚೆಲ್ಲಿತು.

“ಅದರ ಹೊಟ್ಟ್ಯಾಗ ಹವಾದ ಚೀಲ ಇಲ್ರಿ, ಹಾವಗೆಪ್ಪ ಮಾಸ್ತರ. ಹಗಲೂ ರಾತ್ರಿ ಈಸ್ತಾನೇ ಇರ್ಬೇಕು. ನಿಂತ್ರ ಮುಳಗ್ತದ.”

೯ ಡಿಸೆಂಬರ್, ರವಿವಾರ

ನೋಟ್ಸ್ ಬರೆಸಿದೆ. ಮುಳುಗುವ ಮೀನು! ಶುದ್ಧ ಗಪ್ಪಾ ಅನಿಸಿತು. ಸೈನ್ಸ್ ಪುಸ್ತಕ ತೆಗೆದು ನೋಡಿದೆ. ಮೀನಿಗೆ ವಾಯುಕೋಶವಿರುತ್ತದೆ, ಅದರಿಂದ ತೇಲುತ್ತದೆ ಎಂದಿದೆ. ಮಠದ ಬಾವಿಯ ಮೀನು ಅಲ್ಲಾಡದೆ ನಿಂತದ್ದನ್ನು ನಾನೇ ಎಷ್ಟು ಸಲ ಕಂಡಿಲ್ಲ? ‘ಅಂಜಲವು ವಾಯುಕೋಶದ ನೆರವಿನಿಂದ ನಿಶ್ಚಲವಾಗಿ ವಿಶ್ರಮಿಸುತ್ತದೆ’ ಎಂದು ಬರೆಸಿದೆ.

ನಿಶ್ಚಲ ಅಂದರೇನೆಂದು ಕೇಳಿದರು. ನೀವು ಹೇಳಿದ್ದನ್ನೇ ಪುಸ್ತಕದ ಮಾತಿನಲ್ಲಿ ಹಾಕಿದ್ದೇನೆ ಅಂದೆ. ಸುಳ್ಳು. ಅವರ ಒಳ್ಳೆಯದಕ್ಕೇ ಹೇಳಿದ್ದು. ಖುಷಿಯಿಂದ ಬರೆದುಕೊಂಡರು.

೧೪ ಡಿಸೆಂಬರ್, ಬೀದರ

ಬೆಳಗಿನ ಗಾಡಿಗೆ ಬಂದೆವು. ಶೇರ್ವಾನಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು.

ಪರೀಕ್ಷಕರು ಮಂಗಳೂರು ಕಡೆಯವರು. ಸಮುದ್ರದ ದಂಡೆಯಲ್ಲೇ ಬೆಳೆದವರು. ಸಾಬರು ಒಂದಕ್ಷರ ತಪ್ಪಿಲ್ಲದೆ ಒಪ್ಪಿಸಿದರು. ನಿಶ್ಚಲಕ್ಕೆ ಬಂದಾಗ ಆ ಮನುಷ್ಯ ಕೈ ಎತ್ತಿದ. ಈ ಮೀನು ನಿಲ್ಲುವುದೇ ಇಲ್ಲ, ಇದಕ್ಕೆ ವಾಯುಕೋಶವೇ ಇಲ್ಲ, ನಮ್ಮೂರ ಮಕ್ಕಳಿಗೂ ಗೊತ್ತು ಎಂದ. ನೀವು ಇದನ್ನು ಎಂದಾದರೂ ಕಂಡಿದ್ದೀರಾ ಎಂದು ಕೇಳಿದ.

ನಾನು ಹಿಂದಿನ ಬೆಂಚಿನಲ್ಲಿದ್ದೆ. ಸಾಬರು ಒಮ್ಮೆ ನನ್ನ ಕಡೆ ನೋಡಿದರು.

“ಇಲ್ರಿ ಸಾಹೇಬ್ರ. ನಾ ನೋಡಿಲ್ರಿ.”

ಏಳಬೇಕಿತ್ತು. ಬರೆಸಿದವ ನಾನು ಅನ್ನಬೇಕಿತ್ತು. ನನ್ನ ನೌಕರಿಯೂ ಇನ್ನೂ ಕಾಯಂ ಅಲ್ಲ. ಏಳಲಿಲ್ಲ.

ವಾಪಸು ಗಾಡಿಯಲ್ಲಿ ನನಗೇ ಪೇರಲಹಣ್ಣು ಕೊಡಿಸಿದರು. ತಿಂದೆ, ನಾಚಿಕೆಗೆಟ್ಟವ.

೨ ಜನವರಿ ೧೯೫೭

ಸಾಬರ ಕೆಲಸ ಹೋಯಿತು. ‘ವಿಷಯಜ್ಞಾನ ಸಾಲದು’ ಎಂದು ಕಾರಣ. ಭಾಷೆಯ ಬಗ್ಗೆ ಒಂದು ಮಾತೂ ಇಲ್ಲ! ಸಾಮಾನು ಕಟ್ಟಿಕೊಂಡು ಔರಾದಿಗೆ ಹೋದರು, ಹೆಂಡತಿ ರಹೀಮುನ್ನಿಸಾ ಅವರ ತವರಿಗೆ. ಪರೀಕ್ಷಕರಿಗೆ ನಿಜ ಬರೆಯಬೇಕು. ನಾಳೆ.

೧೯ ಜನವರಿ

ಬರೆದೆ. ಹರಿದೆ. ನಮ್ಮಾಕೆ ವಿಮಲಾ ಯಾಕೆ ಊಟ ಸೇರುತ್ತಿಲ್ಲ ಎಂದು ಕೇಳಿದಳು. ಪಿತ್ತ ಅಂದೆ.

೧೧ ಮಾರ್ಚ್, ಔರಾದ

ತಡವಾಯಿತು. ಸಾಬರು ತೀರಿಕೊಂಡು ಎಂಟು ದಿನ.

ಬಂದ ಮೇಲೆ ಹೊರಗೆ ಹೋಗಲೇ ಇಲ್ಲವಂತೆ. ಗೋಡೆಗೆ ಒರಗಿ ಕುಳಿತದ್ದೇ. ಆಮೇಲೆ ಜ್ವರ. ರಹೀಮುನ್ನಿಸಾ ಪರದೆಯ ಆಚೆಯಿಂದಲೇ ಮಾತಾಡಿದರು.

“ನಿಮ್ದೇ ನೆನಸ್ತಿದ್ರು, ಭಾಯಿಸಾಬ್. ಎಷ್ಟ್ ಪ್ರೀತಿಲೆ ಕಲಿಸ್ಯಾರ ಅಂತಿದ್ರು.”

ನೋಟ್‌ಬುಕ್ಕು ಕೊಟ್ಟು ಕಳಿಸಿದರು. ಬಸ್ಸಿಗೆ ಕಾಯುತ್ತ ಬಿಚ್ಚಿದೆ. ನಾನೂ ಉರ್ದುವಿನಲ್ಲೇ ಓದಿದವನಲ್ಲವೇ. ನಿಶ್ಚಲದ ಸಾಲಿನ ಕೆಳಗೆ, ಹದಿಮೂರನೆಯ ತಾರೀಖು ಹಾಕಿ, ಅವರದೇ ಕೈಯಲ್ಲಿ: ‘ಅರ್ಥ ಬೇರೊಬ್ಬರನ್ನು ಕೇಳಿ ತಿಳಿದೆ. ಇದು ಸರಿಯಲ್ಲ. ಆದರೆ ಹೊಸ ಸರ್ಕಾರಕ್ಕೆ ಏನು ಬೇಕೋ ಹಾವಗೆಪ್ಪನವರಿಗೇ ಗೊತ್ತು. ಅವರು ಬರೆಸಿದ್ದನ್ನೇ ಹೇಳುವುದು.’

ಗೊತ್ತಿದ್ದೂ ಹೇಳಿದರು. ನನ್ನನ್ನು ನಂಬಿ.

೧೨ ಮಾರ್ಚ್, ಭಾಲ್ಕಿ, ಬೆಳಿಗ್ಗೆ

ಸಾಲಿಗೆ ಹೋಗಲಿಲ್ಲ. ಕಾಗದ ಬರೆಯಲು ಕುಳಿತಿದ್ದೇನೆ. ಇನ್ನು ಯಾರಿಗೆ ಉಪಯೋಗ? ಆದರೂ. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ಮಾನ್ಯರೆ, ಆ ಮೀನು ನಿಲ್ಲುವುದಿಲ್ಲ. ನಿಂತರೆ ಮುಳುಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಬದ್ರೋದ್ದೀನ ಸಾಬರು. ಕಣ್ಣಾರೆ ಕಂಡಿದ್ದರು. ತಪ್ಪು ಬರೆಸಿದವನು —