ಮೈತ್ರಿ ಕೇಳಿದ ಮಾತು

ಶಹಾಪುರ,
ಮಂಗಳವಾರ

ಕರೆಮ್ಮಕ್ಕನಿಗೆ ತಂಗಿ ಪಂಚಶೀಲಾಳ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಐದು ವರ್ಷ ನಾನು ಮಸ್ಕತ್ತಿನಲ್ಲಿ ಯಾರದೋ ತಾಯಿಯ ಆರೈಕೆ ಮಾಡಿದೆ. ನೀನು ನನ್ನ ಮನೆಯಲ್ಲಿದ್ದು ನನ್ನ ಮಗಳನ್ನು ಸಾಕಿದೆ. ನಾನು ವಾಪಸು ಬಂದ ದಿನವೇ ಮೈತ್ರಿ ನಿನ್ನನ್ನು ಅವ್ವಾ ಎಂದು ಕರೆದಾಗ, "ಆಕಿ ದೊಡ್ಡವ್ವ. ನಿಮ್ಮವ್ವ ನಾ ಅದೀನಿ" ಎಂದು ಗದರಿಬಿಟ್ಟೆ. ನೀನು ಹತ್ತಿ ಬಿಡಿಸುವುದಿದೆ ಎಂದು ಹೇಳಿ ಮರುದಿನ ನಿನ್ನೂರು ಕೊಂಕಲ್‌ಗೆ ಹೊರಟುಹೋದೆ. ಹತ್ತಿಕಾಯಿ ಇನ್ನೂ ಒಡೆದಿಲ್ಲವೆಂದು ನನಗೂ ಗೊತ್ತಿತ್ತು. ಆದರೂ ತಡೆಯಲಿಲ್ಲ.

ಈಗ ಅವಳಿಗೆ ಜಡೆ ಹಾಕಲೂ ನನಗೆ ಬರುತ್ತಿಲ್ಲ. ಬಿಗಿಯಾದರೆ ಅಳುತ್ತಾಳೆ, ಸಡಿಲವಾದರೆ ಶಾಲೆ ಮುಟ್ಟುವುದರೊಳಗೆ ಬಿಚ್ಚಿಹೋಗುತ್ತದೆ. ನಿನ್ನೆ ತಲೆ ಬಾಚುವಾಗ ಮೆಲ್ಲಗೆ ಕೇಳಿದಳು: "ನೀವು ಮತ್ತ ಯಾವಾಗ ಹೋಗ್ತೀರಿ? ನೀವು ಹೋದ್ರ ಅವ್ವ ಬರ್ತಾಳಲ್ರಿ?"

ನನಗೆ 'ನೀವು' ಅನ್ನುತ್ತಾಳೆ, ಅಕ್ಕ.

ಭಾನುವಾರ ಅವಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬರುತ್ತೇನೆ. ಜಡೆ ಹಾಕುವುದನ್ನು ನನಗೆ ಕಲಿಸು. ಆಮೇಲೆ ನಮ್ಮ ಜೊತೆ ಮನೆಗೆ ಬಾ. ಅವಳು ಅವ್ವಾ ಎಂದು ಕೂಗಿದರೆ ನನ್ನ ಮುಖ ನೋಡಬೇಡ. ಓಗೊಡು.

ತಪ್ಪು ಮಾಡಿದ ನಿನ್ನ ತಂಗಿ,
ಪಂಚಶೀಲಾ